ಆಯುಧಪೂಜೆಗೆ ತೆರೆದ ಲ್ಯಾಬು

ಭಾವಾ,

ಕ್ಷೇಮವೇ ಅಂತ ಕೇಳಿದರೆ ನೀನೇ ನಗುತ್ತೀಯ, ಅದಕ್ಕೇ ಕೇಳುವುದಿಲ್ಲ. ಈ ಕಾಗದದ ವಿಷಯ ಅಕ್ಕನಿಗೆ ಗೊತ್ತಾದರೆ ‘ಇದ್ದಾಗ ದಿನಾ ಒಂದೇ ಸ್ಟಾಫ್ ರೂಮಲ್ಲಿ ಕೂತಿದ್ರಲ್ಲ, ಆಗ ಬಾಯಿಗೆ ಏನ್ ತುರುಕ್ಕಂಡಿದ್ದೆ’ ಅಂತ ಬೈಯುತ್ತಾಳೆ. ಬೈಯಲಿ. ಇವತ್ತು ಭಾನುವಾರ. ಊಟ ಮುಗಿಸಿ ಮನೆಯಲ್ಲಿ ಎಲ್ಲರೂ ಅಡ್ಡಾಗಿದ್ದಾರೆ. ನಾಳೆ ಬೆಳಿಗ್ಗೆ ಮದ್ದೂರಿನ ನಮ್ಮ ಕಾಲೇಜಿನಲ್ಲಿ ಕಮಿಟಿ ಮೀಟಿಂಗು. ನೀನು ಕೊನೆಯ ವಾರದವರೆಗೂ ಪಾಠ ಮಾಡಿದ ಕೆಮಿಸ್ಟ್ರಿ ಲ್ಯಾಬು, ಅದರ ಪಕ್ಕದ ನನ್ನ ಫಿಸಿಕ್ಸ್ ಲ್ಯಾಬು, ಎರಡರ ನಡುವಿನ ಗೋಡೆ ಒಡೆದು ನೀಟ್ ಬರೆಯುವ ಮಕ್ಕಳಿಗೆ ದೊಡ್ಡ ಟೆಸ್ಟ್ ಹಾಲ್ ಮಾಡಬೇಕಂತೆ. ಪ್ರಾಕ್ಟಿಕಲ್ ಸಾಮಾನಿಗೆ ಮೆಟ್ಟಿಲ ಕೆಳಗಿನ ಸ್ಟೋರ್ ರೂಮು ಸಾಕಂತೆ. ಸಾಕೋ ಬೇಕೋ ಅಂತ ನಾಳೆ ನನ್ನನ್ನು ಕೇಳುತ್ತಾರೆ, ಯಾಕೆಂದರೆ ಈಗ ನಾನು ಅಕಾಡೆಮಿಕ್ ಕೋಆರ್ಡಿನೇಟರ್. ಬಾಗಿಲ ಮೇಲೆ ಬೋರ್ಡು ಕೂಡ ಇದೆ ಭಾವ. ನೀನು ನೋಡಿದ್ದರೆ ಅದರ ಕೆಳಗೆ ಚಾಕ್‌ಪೀಸಿನಲ್ಲಿ ಏನು ಬರೆಯುತ್ತಿದ್ದೆ ಅಂತ ನನಗೆ ಗೊತ್ತು.

ನೀನು ಅಕ್ಕನನ್ನು ನೋಡಲು ಮಳವಳ್ಳಿಯ ನಮ್ಮ ಮನೆಗೆ ಬಂದ ದಿನವೇ ಇವತ್ತು ಬೆಳಿಗ್ಗೆಯಿಂದ ನೆನಪಾಗುತ್ತಿದೆ. ಬೇಸಿಗೆ. ಅಪ್ಪ ಪೇಟೆಯಿಂದ ಐಸ್ ತರಿಸಿ ನಿಂಬೆಹಣ್ಣಿನ ಶರಬತ್ತು ಮಾಡಿಸಿದ್ದರು. ದೊಡ್ಡವರೆಲ್ಲ ನಾಲೆ ನೀರು, ಗದ್ದೆ, ಗೋತ್ರ ಅಂತ ಮಾತಾಡುತ್ತಿದ್ದರೆ ನೀನು ಲೋಟ ಎತ್ತಿ ಹಿಡಿದುಕೊಂಡು, ಹೈಸ್ಕೂಲು ಓದುತ್ತಿದ್ದ ನನ್ನನ್ನು ಕರೆದೆ. ‘ಲೇ, ಬಾ ಇಲ್ಲಿ. ಶರಬತ್ತು ಒಳಗದೆ, ಲೋಟದ ಒರಗೆ ನೀರು ಎಲ್ಲಿಂದ ಬಂತು ಏಳ್ಲಾ.’ ನನಗೆಲ್ಲಿ ಗೊತ್ತು? ಅರ್ಧ ಕೇಳಿಸಿಕೊಂಡ ಅಜ್ಜಿ ಲೋಟ ಸೋರುತ್ತಿದೆ ಅಂದುಕೊಂಡು ಅದನ್ನು ಕಿತ್ತುಕೊಂಡು ಹೋಗಿ ಬೇರೆ ಲೋಟ ತಂದಳು. ಅದೂ ಸೋರಿತು. ಗಂಡಿನ ಕಡೆಯವರು ಪಾತ್ರೆಯಲ್ಲೇ ಕುಂದು ಹುಡುಕುತ್ತಿದ್ದಾರೆ ಅಂತ ಅಪ್ಪನ ಮುಖ ಇಷ್ಟು ಚಿಕ್ಕದಾಯಿತು. ಅಜ್ಜಿ ಮತ್ತೊಂದು ಲೋಟ ತರುವ ಹೊತ್ತಿಗೆ ಅಕ್ಕ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಿನ್ನನ್ನು ಒಪ್ಪಿದ್ದು ಆ ಹೊತ್ತಿನಲ್ಲೇ ಅಂತ ಈಗಲೂ ಹೇಳುತ್ತಾಳೆ.

ಮದುವೆಯ ದಿನ ನಿನ್ನ ಕೈಹಿಡಿದು ಧಾರೆ ಮಂಟಪಕ್ಕೆ ಕರೆದುಕೊಂಡು ಹೋಗುವಾಗ ನಾನು ನಿನ್ನ ಕಿವಿಯಲ್ಲಿ ‘ಗಾಳಿಯಿಂದ ಬಂತು ಭಾವ’ ಅಂದೆ. ನೀನು ಪೇಟ ಸರಿಮಾಡಿಕೊಳ್ಳುತ್ತಾ ‘ಗಾಳಿಗೆ ಎಲ್ಲಿಂದ ಬಂತ್ಲಾ?’ ಅಂದೆ. ಪುರೋಹಿತರು ಇಬ್ಬರನ್ನೂ ಗದರಿದರು. ಒಂದಕ್ಕೆ ಉತ್ತರ ಸಿಕ್ಕಿದರೆ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ನಿಂತಿರುತ್ತೆ, ಅದನ್ನು ಅಟ್ಟಿಸಿಕೊಂಡು ಹೋಗುವುದರಲ್ಲಿ ಒಂದು ಸುಖ ಇದೆ ಅನ್ನುವುದು ನನಗೆ ಗೊತ್ತಾದದ್ದು ನಿನ್ನಿಂದ. ಮಂಡ್ಯದಲ್ಲಿ ಬಿಎಸ್ಸಿ ಸೇರಿದ್ದು ಆ ಸುಖಕ್ಕೆ. ಊರವರೆಲ್ಲ ‘ಅದ್ನ ಓದಿ ಏನಾಯ್ತೀಯ’ ಅಂತ ಕೇಳಿದರು. ಏನೂ ಆಗದಿದ್ದರೂ ಪರವಾಗಿಲ್ಲ ಅನ್ನುವಷ್ಟು ಧೈರ್ಯ ಆಗ ಇತ್ತು.

ನಾನು ನಿನ್ನ ಕಾಲೇಜಿಗೇ ಲೆಕ್ಚರರ್ ಆಗಿ ಬಂದ ಹೊಸದರಲ್ಲಿ ಒಂದು ದಿನ ನಿನ್ನ ಕ್ಲಾಸಿನ ಹೊರಗೆ ನಿಂತಿದ್ದೆ. ಒಬ್ಬ ಹುಡುಗ ಎದ್ದು ನಿಂತು, ‘ಸಾ, ನಾನು ಸಿವಿಲ್ ಇಂಜಿನಿಯರ್ ಆಗೋನು. ಈ ಕೆಮಿಸ್ಟ್ರಿ ಕಟ್ಕಂಡು ನಂಗೇನಾಗ್ಬೇಕು?’ ಅಂದ. ಬೇರೆಯವರಾಗಿದ್ದರೆ ಆಚೆ ಹಾಕುತ್ತಿದ್ದರು. ನೀನು ಅವನನ್ನು ಹತ್ತಿರ ಕರೆದು, ‘ಆಗಪ್ಪ, ಇಂಜಿನಿಯರ್ ಆಗು. ಸೇತುವೆ ಕಟ್ಟು. ಆ ಸೇತುವೆ ಮೇಲೆ ಬಸ್ಸಲ್ಲಿ ಓಗೋನು ನಾನು. ಸಿಮೆಂಟಿಗೆ ನೀರು ಬಿದ್ರೆ ಯಾಕೆ ಬಿಸಿಯಾಯ್ತದೆ ಅಂತ ನಿಂಗೆ ಗೊತ್ತಿಲ್ದೆ ಇದ್ರೆ ನನ್ ಗತಿ ಏನು? ನನ್ ಭಯ ನಂಗೆ ಕಣಪ್ಪ’ ಅಂದೆ. ಇಡೀ ಕ್ಲಾಸು ನಕ್ಕಿತು. ಆಮೇಲೆ ಅವನೇ ಮಧ್ಯಾಹ್ನ ಎಲ್ಲಿಂದಲೋ ಒಂದು ಪೊಟ್ಟಣ ಸಿಮೆಂಟು ತಂದು ಲ್ಯಾಬಿನಲ್ಲಿ ನಿನ್ನ ಮುಂದೆ ಇಟ್ಟ. ಮಕ್ಕಳಿಗೆ ನೌಕರಿಯ ಆಸೆ ಇರುವುದು ತಪ್ಪು ಅಂತ ನೀನು ಯಾವತ್ತೂ ಹೇಳಿದವನಲ್ಲ. ಆ ಆಸೆಯ ಬುಡಕ್ಕೇ ಪಾಠವನ್ನು ತಂದಿಡುತ್ತಿದ್ದೆ.

ಈಗ ನಾನು ಏನು ಹೇಳುತ್ತೇನೆ ಗೊತ್ತಾ? ಹೋದ ಬೇಸಿಗೆಯಲ್ಲಿ ನಿಡಘಟ್ಟದ ಕಡೆಯ ಒಬ್ಬರು ಮಗಳನ್ನು ಸೇರಿಸಲು ಬಂದಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬೈಕಿನ ಕೀ. ‘ಸಾ, ನಮ್ ಉಡ್ಗಿ ಡಾಕ್ಟರ್ ಆಗ್ಬೇಕು, ಅಷ್ಟೇಯಾ. ಮಿಕ್ಕಿದ್ದು ನಂಗೊತ್ತಿಲ್ಲ’ ಅಂದರು. ನಾನು ಕುರ್ಚಿಗೆ ಒರಗಿಕೊಂಡು, ‘ನಮಗೂ ಮಿಕ್ಕಿದ್ದು ಬೇಡ ಬಿಡಿ. ಬೇಸಿಕ್ಸು, ಥಿಯರಿ ಅದೆಲ್ಲ ಊರಿಗೆ ಬಂದವಳು ನೀರಿಗೆ ಬರ್ದೆ ಇರ್ತಾಳಾ ಅಂದಂಗೆ, ತಾನಾಗೇ ಬತ್ತದೆ. ಮೊದ್ಲು ಸೀಟು’ ಅಂದೆ. ಅವರಿಗೆ ಎಷ್ಟು ಸಂತೋಷವಾಯಿತು ಅಂದರೆ ಎದ್ದು ಕೈಮುಗಿದರು. ಹುಡುಗಿ ಮಾತ್ರ ನನ್ನ ಮೇಜಿನ ಮೇಲಿದ್ದ ಪ್ರಿಸಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ‘ಅಲ್ಲಿಡಮ್ಮ’ ಅಂದೆ.

ನೀನು ಇದ್ದಾಗಲೇ ಹೊರಗಿನ ಕೋಚಿಂಗಿನವರು ಕಾಲೇಜಿಗೆ ಕಾಲಿಟ್ಟಿದ್ದರು, ನೀನು ಅವರ ಜೊತೆ ಕಾದಾಡಿದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೆ. ನೀನು ಹೋದ ಮೇಲೆ ಕಾದಾಡುವವರು ಯಾರು? ಮೊದಲು ಕನ್ನಡದ ಪಿರಿಯಡ್ಡು ಹೋಯಿತು, ಆಮೇಲೆ ಲ್ಯಾಬಿನ ಪಿರಿಯಡ್ಡು. ಎರಡೂ ಹೊತ್ತು ಟೆಸ್ಟು. ಫಸ್ಟ್ ಪಿಯುಸಿಯ ಪ್ರಾಕ್ಟಿಕಲ್ಲು ಈಗ ನಡೆಯುವುದು ರೆಕಾರ್ಡ್ ಪುಸ್ತಕದಲ್ಲಿ ಮಾತ್ರ, ಅದೂ ಸೀನಿಯರುಗಳದನ್ನು ನೋಡಿ ಬರೆದದ್ದು. ಸೆಕೆಂಡ್ ಪಿಯುಸಿಯವರಿಗೆ ಪರೀಕ್ಷೆಗೆ ಮುಂಚೆ ಕೆಲವು ದಿನ ಬೀಗ ತೆಗೆಯುತ್ತೇವೆ. ಉಳಿದಂತೆ ಆಯುಧಪೂಜೆಗೆ. ಇನ್ನು ನಾನು... ನನ್ನ ಹೆಸರು ಈಗ ಮಂಡ್ಯದವರೆಗೂ ಇದೆ ಭಾವ. ‘ಕೆಂಪರಾಜ್ ಸರ್ ಟ್ರಿಕ್ಸು’ ಅಂತ ಮಕ್ಕಳು ಮೊಬೈಲಿನಲ್ಲಿ ಹಂಚಿಕೊಳ್ಳುತ್ತಾರೆ. ಪ್ರಶ್ನೆ ಪೂರ್ತಿ ಓದದೆ ಉತ್ತರಕ್ಕೆ ಗುರುತು ಹಾಕುವುದು ಹೇಗೆ ಅಂತ ಹೇಳಿಕೊಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ. ಪ್ರಶ್ನೆ ಪೂರ್ತಿ ಓದದೆ! ಒಂದು ಲೋಟ ಶರಬತ್ತಿನ ಪ್ರಶ್ನೆಯನ್ನು ತಿಂಗಳುಗಟ್ಟಲೆ ಹೊತ್ತುಕೊಂಡು ತಿರುಗಿದ ಹುಡುಗನೇ ನಾನು.

ಮಂಡ್ಯದ ಆಸ್ಪತ್ರೆಯಲ್ಲಿ ನೀನು ಮಲಗಿದ್ದ ಆ ಸಂಜೆ ನಾನು ನಿನ್ನ ಕಾಲ ಬಳಿ ಕೂತಿದ್ದೆ. ಮಗಳನ್ನು ನೋಡಿಕೋ ಅಂತಲೋ, ಲ್ಯಾಬು ನೋಡಿಕೋ ಅಂತಲೋ ನೀನೇನಾದರೂ ಮಾತು ತಗೊಂಡಿದ್ದರೆ, ಮಾತಿಗೆ ತಪ್ಪಿದೆ ಅಂತಾದರೂ ಹೇಳಿಕೊಳ್ಳಬಹುದಿತ್ತು. ನೀನು ಏನೂ ಕೇಳಲಿಲ್ಲ. ಡ್ರಿಪ್ಪಿನ ಬಾಟಲಿ ನೋಡುತ್ತಾ, ‘ಇದ್ನ ಇನ್ನೊಂಚೂರು ಮ್ಯಾಲಕ್ಕೆ ಕಟ್ಟಿದ್ರೆ ಬಿರ್ರನೆ ಇಳೀತದೆ, ಯಾಕೇಳು’ ಅಂದೆ. ನರ್ಸಮ್ಮ ಮಾತಾಡಬೇಡಿ ಅಂದರು. ನಾನು ಉತ್ತರ ಹೇಳಿದೆನೋ ಇಲ್ಲವೋ, ನೆನಪಿಲ್ಲ. ನೀನು ಕೇಳದೇ ಹೋದದ್ದೇ ನನಗೆ ಭಾರ. ಹೇಳದಿದ್ದರೂ ನೋಡಿಕೊಳ್ಳುತ್ತಾನೆ ಅಂತ ನಂಬಿದ್ದೆಯಲ್ಲವಾ?

ಚಂದನಾಳ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ದಿನ ಅಕ್ಕ ಅವಳನ್ನು ಕರೆದುಕೊಂಡು ನೇರ ನನ್ನ ಛೇಂಬರಿಗೇ ಬಂದಳು. ‘ತಗೋ, ನಿನ್ ಸೊಸೆ. ಅವ್ರಪ್ಪ ಇಲ್ಲ, ನೀನೇ ಮಾವ, ನೀನೇ ಮೇಷ್ಟ್ರು. ಡಾಕ್ಟರ್ ಮಾಡಿ ಕೊಡು’ ಅಂದಳು. ನಿನ್ನ ಮಗಳ ಕಣ್ಣು ನಿನ್ನದೇ ಭಾವ, ಎಲ್ಲದರ ಹಿಂದೆ ಏನಿದೆ ಅಂತ ನೋಡುವ ಕಣ್ಣು. ಅವಳನ್ನು ಟಾಪ್ ಸೆಕ್ಷನ್ನಿಗೆ ಹಾಕಿದೆ. ಮುಂದಿನ ಬೆಂಚಿನಲ್ಲಿ ಕೂರಿಸಿ ನನ್ನ ಟ್ರಿಕ್ಸುಗಳನ್ನೆಲ್ಲ ಧಾರೆ ಎರೆದೆ. ಪ್ರತಿ ಟೆಸ್ಟಿನಲ್ಲೂ ಮೊದಲ ಸಾಲಿನಲ್ಲಿ ಅವಳ ಹೆಸರು ಬರುತ್ತಿತ್ತು, ನಾನು ಅಕ್ಕನಿಗೆ ಫೋನ್ ಮಾಡಿ ಬೀಗುತ್ತಿದ್ದೆ.

ಆಯುಧಪೂಜೆ ಬಂತೆಂದರೆ ನಿನ್ನದೇ ಒಂದು ರಾಮಾಯಣ ಇರುತ್ತಿತ್ತು, ಅದು ನಮ್ಮ ಕಾಲೇಜಿನಲ್ಲಿ ಇನ್ನೂ ಮಾತಾಗಿದೆ. ಮಕ್ಕಳು ಅರಿಸಿನ ಕುಂಕುಮ ಹಿಡಿದು ಬಂದರೆ ನೀನು ತಕ್ಕಡಿಯ ಗಾಜಿನ ಪೆಟ್ಟಿಗೆಗೆ ಅಡ್ಡ ನಿಲ್ಲುತ್ತಿದ್ದೆ. ‘ಪೆಟ್ಗೆ ಮೇಲೆ ಎಷ್ಟು ಬೇಕಾದ್ರೂ ಬಳ್ಕಳಿ. ತಟ್ಟೆ ಮೇಲೆ ಒಂದು ಚಿಟ್ಕೆ ಬಿದ್ರೂ ನಾಳೆಯಿಂದ ಸುಳ್ ತೂಕ. ದೇವ್ರಿಗೆ ಅದು ಬೇಕಾ?’ ಪೂಜೆ ಆದ ಮೇಲೆ ಪುರಿ ಕಡಲೆ ಹಂಚುವಾಗಲೂ ತಕ್ಕಡಿಯಲ್ಲೇ ತೂಗಿ ಕೊಡಿ ಅಂತ ಹುಡುಗಿಯರು ರೇಗಿಸುತ್ತಿದ್ದರು. ಪ್ರತಿ ಟೆಸ್ಟ್‌ಟ್ಯೂಬಿಗೂ ಒಂದೊಂದು ಚೆಂಡುಹೂ. ಎಷ್ಟು ಚೆನ್ನಾಗಿ ಕಾಣುತ್ತಿತ್ತು!

ಈ ಸಲವೂ ದಸರಾ ರಜೆ ಕೊಡುವ ಹಿಂದಿನ ದಿನ ಪೂಜೆ ಇಟ್ಟುಕೊಂಡೆವು. ಕಾಲೇಜು ಬಸ್ಸುಗಳನ್ನು ತೊಳೆದು, ಬಾಳೆಕಂದು ಕಟ್ಟಿ ಸಾಲಾಗಿ ನಿಲ್ಲಿಸಿದ್ದರು. ಒಂದೊಂದು ಚಕ್ರದ ಕೆಳಗೂ ನಿಂಬೆಹಣ್ಣು. ನಾನು ಲ್ಯಾಬಿನ ಬೀಗದಕೈ ಚಂದನಾಳಿಗೆ ಕೊಟ್ಟು, ‘ಬೀರುನಿಂದ ಏನಾದ್ರೂ ನಾಲ್ಕು ಸಾಮಾನು ತಂದು ಪೂಜೆಗಿಡ್ರಮ್ಮ’ ಅಂದೆ. ಅವಳೂ ಇನ್ನಿಬ್ಬರು ಹುಡುಗಿಯರೂ ಹೋದರು. ಮಂಗಳಾರತಿ ತಟ್ಟೆ ಹಿಡಿದು ಮೊದಲ ಬಸ್ಸಿನ ಹತ್ತಿರ ಬಂದೆ. ಮುಂದಿನ ಚಕ್ರದ ಎದುರಿಗೆ ಡ್ರೈವರುಗಳು ಜಾಕು, ಸ್ಪ್ಯಾನರು, ಸುತ್ತಿಗೆ ಜೋಡಿಸಿಟ್ಟಿದ್ದರು. ಅವುಗಳ ಮಧ್ಯೆ ನಮ್ಮ ವರ್ನಿಯರ್ ಕ್ಯಾಲಿಪರ್ಸು ಮಲಗಿತ್ತು. ಮಿಲಿಮೀಟರಿನ ಹತ್ತನೇ ಒಂದು ಭಾಗ ಅಳೆಯುವ ಅದರ ಬಾಯಿತುಂಬ ಕುಂಕುಮ.

‘ಇದ್ನ ಯಾರು ಇಲ್ಲಿ ಮಡಗಿದ್ದು?’ ಅಂದೆ. ಡ್ರೈವರ್ ‘ನಮ್ದಲ್ಲ ಸಾ, ಮಕ್ಳು ತಂದಿಟ್ರು’ ಅಂದ. ಚಂದನ ಮುಂದೆ ಬಂದು, ‘ನಾನೇ ಮಾವ. ಡ್ರೈವರಣ್ಣನ ಸ್ಪ್ಯಾನರ್ರು ನಮ್ ಲ್ಯಾಬ್ ಬೀರುನಲ್ಲಿ ಸೇರ್ಕಂಡಿತ್ತು. ತಂದಿಟ್ಟೆ’ ಅಂದಳು. ಒಳ್ಳೆಯ ಕೆಲಸ ಮಾಡಿದೆ ಅನ್ನುವ ಮುಖದಲ್ಲಿ ಅಂದಳು ಭಾವ.

ಅದೇ ವಾರದ ಟೆಸ್ಟಿನಲ್ಲಿ ವರ್ನಿಯರಿನ ಮೇಲಿನ ಪ್ರಶ್ನೆಗಳಿಗೆಲ್ಲ ಸರಿ ಉತ್ತರ ಬರೆದವಳು ಅವಳು. ಪಾಸಿಟಿವ್ ಎರರ್ ಇದ್ದರೆ ಕಳೆ, ನೆಗೆಟಿವ್ ಇದ್ದರೆ ಕೂಡು, ನಾನೇ ಹೇಳಿಕೊಟ್ಟದ್ದು, ಪದ್ಯದ ಹಾಗೆ ಬಾಯಿಪಾಠ. ಆ ಸಾಮಾನನ್ನು ಮಾತ್ರ ಅವಳ ಕೈಗೆ ಯಾರೂ ಕೊಟ್ಟಿರಲಿಲ್ಲ. ‘ಇದೇ ಕಣಮ್ಮ ವರ್ನಿಯರ್ರು’ ಅಂದೆ. ಗೆಳತಿಯರು ನಕ್ಕರು, ಅವಳೂ ನಕ್ಕಳು. ಆಮೇಲೆ ಅದನ್ನು ಎತ್ತಿಕೊಂಡು ಪೂಜೆಯ ಟವೆಲ್ಲಿನಲ್ಲೇ ಒರೆಸಿ, ತಿರುಗಿಸಿ ತಿರುಗಿಸಿ ನೋಡಿ, ‘ಅಂಗಾದ್ರೆ ಇಷ್ಟು ದಿನ ನಾನು ಆನ್ಸರ್ ಬರ್ದಿದ್ದು ಯಾವ್ದುಕ್ಕೆ ಮಾವ?’ ಅಂತ ಕೇಳಿದಳು. ವ್ಯಂಗ್ಯ ಇರಲಿಲ್ಲ, ನಿಜವಾಗಿ ಕೇಳಿದಳು. ಅವಳಿಗೆ ಆದದ್ದು ಆಶ್ಚರ್ಯ. ನಾಚಿಕೆ ಆದದ್ದು ನನಗೆ. ಆರತಿ ತಟ್ಟೆ ಹಿಡಿದುಕೊಂಡು ಬಸ್ಸಿಗೆ ಬೆಳಗುವುದೋ ಅವಳಿಗೆ ಉತ್ತರ ಹೇಳುವುದೋ ತಿಳಿಯದೆ ನಿಂತೆ. ಅಷ್ಟರಲ್ಲಿ ಯಾರೋ ಬೂದುಗುಂಬಳ ಒಡೆದರು, ಎಲ್ಲರೂ ಆ ಕಡೆ ತಿರುಗಿದರು.

ಪೂಜೆ ಮುಗಿದು ಪ್ರಸಾದ ತಿನ್ನುವಾಗ ಕಮಿಟಿಯ ಛೇರ್ಮನ್ನರು ಲ್ಯಾಬಿನೊಳಗೆ ಹೊಕ್ಕು ಸುತ್ತ ನೋಡಿದರು. ‘ಏನ್ರೀ ಕೆಂಪರಾಜು, ವರ್ಷಕ್ಕೆ ನಾಲ್ಕು ದಿನ ತೆಗೆಯೋ ರೂಮಿಗೆ ಇಷ್ಟೊಂದು ಜಾಗ ಯಾಕ್ರೀ? ಹಾಲ್ ಮಾಡಣ. ಏನಂತೀರಿ?’ ಅಂದರು. ನನ್ನ ಬಾಯಲ್ಲಿ ಪುರಿ ಇತ್ತು. ಅದನ್ನೇ ನೆಪ ಮಾಡಿಕೊಂಡು ತಲೆ ಅಲ್ಲಾಡಿಸಿದೆ. ಅದು ಹೌದು ಅಂತಲೋ ಅಲ್ಲ ಅಂತಲೋ ನನಗೇ ಗೊತ್ತಿಲ್ಲ, ಅವರು ಹೌದು ಅಂತ ತಗೊಂಡರು. ಪ್ರಾಕ್ಟಿಕಲ್ ಪರೀಕ್ಷೆ ಆಗಲಿ, ಬೇಸಿಗೆಯಲ್ಲಿ ಗೋಡೆ ಒಡೆಯೋಣ ಅಂದರು. ನೀನಾಗಿದ್ದರೆ ಪುರಿ ಉಗುಳಿ ಮಾತಾಡುತ್ತಿದ್ದೆ.

ರಜೆಯಲ್ಲಿ ಒಂದು ಬೆಳಿಗ್ಗೆ ಚಂದನ ಗೆಳತಿಯರನ್ನು ಕಟ್ಟಿಕೊಂಡು ನಮ್ಮ ಮನೆ ಬಾಗಿಲಿಗೇ ಬಂದಳು. ಲ್ಯಾಬು ತೆಗಿ ಮಾವ ಅಂತ. ನಾನು ರಜೆ ಅಂದೆ, ಅಟೆಂಡರ್ ಇಲ್ಲ ಅಂದೆ, ಕರೆಂಟಿಲ್ಲ ಅಂದೆ. ‘ಲೋಲಕಕ್ಕೆ ಕರೆಂಟ್ ಬೇಕಾ?’ ಅಂದಳು. ಸರಿ ಅಂತ ಹೋಗಿ ಬೀಗ ತೆಗೆದೆ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಭೂಮಿಯ ಸೆಳೆತ ಎಷ್ಟು ಅಂತ ಕಂಡುಹಿಡಿಯುವ ಪ್ರಯೋಗ. ಅದಕ್ಕಿಂತ ಸುಲಭದ್ದು ನಮ್ಮ ಲ್ಯಾಬಿನಲ್ಲಿ ಇಲ್ಲ. ಒಂಬತ್ತು ಪಾಯಿಂಟ್ ಎಂಟು ಬರಬೇಕು, ಒಂಬತ್ತೂವರೆ ಕೂಡ ದಾಟಲಿಲ್ಲ. ಮತ್ತೆ ಮಾಡಿದರೂ ಅಷ್ಟೇ. ನಾನು ಅಭ್ಯಾಸಬಲದಿಂದ, ‘ಉತ್ರ ಗೊತ್ತಲ್ಲ, ಅಲ್ಲಿಂದ ಹಿಂದಕ್ಕೆ ಬಂದು ರೀಡಿಂಗ್ ಬರ್ಕಳಿ’ ಅಂದುಬಿಟ್ಟೆ. ನಮ್ಮಲ್ಲಿ ಎಲ್ಲರೂ ಮಾಡುವುದು ಅದೇ ತಾನೇ? ನಿನ್ನ ಮಗಳು ನನ್ನ ಮುಖ ನೋಡಿದಳು. ‘ಏನು ಬರ್ಬೇಕು ಅಂತ ಮೊದ್ಲೇ ಗೊತ್ತಿದ್ರೆ ಯಾಕ್ ಅಳೀಬೇಕು?’

ಆಮೇಲೆ ಎಲ್ಲಿ ತಪ್ಪಿದೆ ಅಂತ ಹುಡುಕಲು ಕೂತೆವು. ಬೆಳಗಿನ ತಿಂಡಿ ಹೊತ್ತಿಗೆ ಬಂದವರು ಮಧ್ಯಾಹ್ನದ ಊಟ ಮರೆತರು. ಕೊನೆಗೆ ಸಿಕ್ಕಿತು. ನಾನು ದಾರವನ್ನು ಗುಂಡಿನ ನೆತ್ತಿಯವರೆಗೆ ಮಾತ್ರ ಅಳೆದಿದ್ದೆ, ಗುಂಡಿನ ನಡುವಿನವರೆಗೆ ಅಳೆ‌ಯಬೇಕಿತ್ತು. ಇಷ್ಟು ವರ್ಷ ಪಾಠ ಮಾಡಿದ ಮೇಷ್ಟ್ರು! ನನ್ನ ಕೈ ಮರೆತುಹೋಗಿತ್ತು ಭಾವ. ಹುಡುಗಿಯರು ವರ್ನಿಯರಿನಿಂದ ಗುಂಡಿನ ದಪ್ಪ ಅಳೆದು, ಅರ್ಧ ಮಾಡಿ ಸೇರಿಸಿದರು. ಲೆಕ್ಕ ಹತ್ತಿರ ಬಂದಾಗ ಅವರು ಕೂಗಿದ ಕೂಗಿಗೆ ವಾಚ್‌ಮನ್ ಓಡಿ ಬಂದ. ಒಬ್ಬಳು ಮಾತ್ರ, ‘ಸಾ, ಇದೆಲ್ಲ ನೀಟ್‌ನಲ್ಲಿ ಎಷ್ಟು ಮಾರ್ಕ್ಸಿಗೆ ಬತ್ತದೆ?’ ಅಂತ ಕೇಳಿದಳು. ನಿನ್ನ ಸೇತುವೆ ನೆನಪಾಯಿತು. ‘ನಾಳೆ ನೀನು ಡಾಕ್ಟರ್ ಆಗಿ ನನ್ ಬಿಪಿ ನೋಡ್ತೀಯಲ್ಲಮ್ಮ, ಅವತ್ತು ಮೀಟ್ರು ತೋರಿಸಿದ್ದ ಬರೀತೀಯೋ, ಈ ವಯಸ್ಸಿಗೆ ಇಷ್ಟಿರ್ಬೇಕು ಅಂತ ಬರೀತೀಯೋ?’ ಅಂದೆ. ಅವಳು ಯೋಚನೆಗೆ ಬಿದ್ದಳು. ಎಷ್ಟೋ ವರ್ಷದ ಮೇಲೆ ಮೇಷ್ಟ್ರ ಹಾಗೆ ಮಾತಾಡಿದೆ ಅಂತ ನನಗೇ ಹೆಮ್ಮೆಯಾಯಿತು. ಆ ಹೆಮ್ಮೆಯ ಗತಿ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಅಕ್ಕನಿಗೆ ಇದು ಗೊತ್ತಾಗಿ ಸಂಜೆ ನನ್ನನ್ನು ಕರೆಸಿದಳು. ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ‘ಕೆಂಪ, ನಿಂಗೆ ಕೈ ಮುಗೀತೀನಿ, ಅವ್ಳ ತಲೆ ಕೆಡಿಸ್ಬ್ಯಾಡ’ ಅಂದಳು. ‘ನಿಮ್ ಭಾವ ದಾರ ತೂಗಾಡಿಸ್ಕಂಡೇ ಓದ್ರು. ಏನ್ ಕಂಡ್ರು? ನಂಗೆ ಮಗ್ಳಿಗೆ ಸೀಟಾದ್ರೆ ಸಾಕು ಕಣಪ್ಪ.’ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ ಭಾವ. ಒಂಟಿ ಕೈಯಲ್ಲಿ ಮನೆ ನಡೆಸುವವಳು. ನನಗೂ ಒಳಗೊಳಗೇ ಹಾಯೆನಿಸಿತು. ಅಕ್ಕನೇ ಬೇಡ ಅಂದಳಲ್ಲ, ನನ್ನದೇನು ತಪ್ಪು? ರಜೆ ಮುಗಿದ ಮೇಲೆ ಲ್ಯಾಬಿಗೆ ಮತ್ತೆ ಬೀಗ ಬಿತ್ತು. ಬೀಗದಕೈ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಚಂದನ ಆಗಾಗ ಬಂದು ನಿಲ್ಲುವಳು, ನಾನು ಟೆಸ್ಟ್ ಇದೆ ನಡಿ ಅನ್ನುತ್ತಿದ್ದೆ.

ಮೊನ್ನೆ ಪ್ರಾಕ್ಟಿಕಲ್ ಪರೀಕ್ಷೆ ಆಯಿತು. ಸೊಸೆ ಇರುವ ಬ್ಯಾಚು ಅಂತ ನನ್ನನ್ನು ಕೂರಿಸದೆ ಬೇರೆ ಲೆಕ್ಚರರನ್ನು ಹಾಕಿದ್ದರು, ನಾನು ಕಾರಿಡಾರಿನಲ್ಲಿ ಓಡಾಡಿಕೊಂಡಿದ್ದೆ. ನಮ್ಮ ಕಡೆ ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ಅಂಕ ಬರದವರು ಯಾರಿದ್ದಾರೆ ಹೇಳು? ಚಂದನಾಳಿಗೆ ಬಂದದ್ದು ಲೆನ್ಸಿನ ಪ್ರಯೋಗ. ದೀಪ, ಲೆನ್ಸು, ಪರದೆ. ಆ ಲೆನ್ಸಿನ ಫೋಕಲ್ ಲೆಂಗ್ತು ಹತ್ತು ಸೆಂಟಿಮೀಟರ್ ಬರಬೇಕು ಅಂತ ಡಬ್ಬಿಯ ಮೇಲೇ ಬರೆದಿದೆ. ಬೇರೆ ಹುಡುಗರೆಲ್ಲ ಕರಾರುವಾಕ್ಕಾಗಿ ಹತ್ತು ಬರೆದು ಕೈಕಟ್ಟಿ ಕೂತಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಹತ್ತಿರ ಬಂದು ಮೆಲ್ಲಗೆ, ‘ಸಾರ್, ಆ ಮಗು ನಿಮ್ಮ ಸಂಬಂಧ ಅಂತೆ. ಹತ್ತೂ ಮುಕ್ಕಾಲು ಅಂತ ಬರ್ಕಂಡು ಕೂತವ್ಳೆ. ಇನ್ನೂ ಟೈಮದೆ, ಒಂದು ಮಾತು ಏಳಿ, ತಿದ್ಕಳ್ಳಿ’ ಅಂದರು. ಕೆಟ್ಟ ಮನುಷ್ಯರಲ್ಲ. ಉಪಕಾರ ಅಂತಲೇ ಹೇಳಿದರು.

ಒಳಗೆ ಹೋದೆ. ಅವಳ ಪಕ್ಕ ನಿಂತೆ. ಅಕ್ಕನ ಮುಖ ಕಣ್ಣ ಮುಂದೆ ಬಂತು, ಕಾಲೇಜಿನ ಬ್ಯಾನರ್ ಬಂತು, ಅದರ ಮೇಲೆ ಅವಳ ಫೋಟೋ. ಬಗ್ಗಿ, ‘ಹತ್ತು ಅಂತ ಹಾಕ್ಬುಡು ಕಣಮ್ಮ’ ಅಂದೆ. ಅಂದೆ ಭಾವ. ಅಷ್ಟೆಲ್ಲ ಆದ ಮೇಲೂ ಅಂದೆ. ಬಿಪಿ ಮೀಟರಿನ ಪಾಠ ಹೇಳಿದ ಇದೇ ಬಾಯಲ್ಲಿ. ಅವಳು ತಲೆ ಎತ್ತಲಿಲ್ಲ. ‘ಮೂರ್ ಸಲ ನೋಡ್ದೆ ಮಾವ. ಅಷ್ಟೇ ಬತ್ತಾ ಅದೆ’ ಅಂದಳು. ನಾನು ಇನ್ನೂ ನಿಂತಿದ್ದೆ. ‘ನೀನ್ ಓಗು ಮಾವ’ ಅಂದಳು, ಬಹಳ ಮೆತ್ತಗೆ. ಹೊರಗೆ ಬಂದೆ. ಪರೀಕ್ಷಕರು ಏನಾಯ್ತು ಅನ್ನುವ ಹಾಗೆ ಹುಬ್ಬು ಹಾರಿಸಿದರು. ಅವರನ್ನು ದಾಟಿಕೊಂಡು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ.

ಅವಳು ಅಳೆದದ್ದು ತಪ್ಪು, ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಮಗಳು ಅಂತ ಹೊಗಳಲು ಬರೆಯುತ್ತಿಲ್ಲ. ಮರುದಿನ ಇಬ್ಬರೂ ಹೋಗಿ ನೋಡಿದೆವು. ಪರದೆ ಅದರ ಸ್ಟ್ಯಾಂಡಿನ ಗುರುತಿಗಿಂತ ಎರಡು ಬೆರಳು ಲೆನ್ಸಿನ ಕಡೆಗೆ ವಾಲಿತ್ತು. ಅವಳು ಗುರುತಿನಿಂದ ಅಳೆದಿದ್ದಳು. ಪರದೆ ನೆಟ್ಟಗಿದೆಯಾ ಅಂತ ಮೊದಲು ನೋಡಬೇಕು ಅನ್ನುವುದನ್ನು ಅವಳಿಗೆ ಯಾರು ಹೇಳಿಕೊಡಬೇಕಿತ್ತು? ಒಂದು ಮಧ್ಯಾಹ್ನದ ಪಾಠ ಅದು. ಬೀಗದಕೈ ಖಾನೆಯಲ್ಲಿ ಇಟ್ಟುಕೊಂಡು ಕೂತಿದ್ದವನು ನಾನು. ‘ಓ, ಇಷ್ಟೇಯಾ!’ ಅಂತ ಅವಳು ಕೈ ಚಪ್ಪಾಳೆ ಹೊಡೆದು ನಕ್ಕಾಗ ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಾಳೆ ಮೀಟಿಂಗಿನಲ್ಲಿ ಹೇಳಬೇಕಾದ್ದನ್ನು ಈಗ ಗಟ್ಟಿಯಾಗಿ ಹೇಳಿ ನೋಡಿಕೊಂಡೆ, ಪಕ್ಕದ ಕೋಣೆಯಿಂದ ನನ್ನ ಹೆಂಡತಿ ಯಾರ ಜೊತೆ ಮಾತಾಡ್ತಿದ್ದೀರಿ ಅಂದಳು. ಗೋಡೆ ಒಡೆಯಬೇಡಿ ಅನ್ನುತ್ತೇನೆ. ಈ ಎರಡು ವರ್ಷ ನಾನು ಈ ಮಕ್ಕಳಿಗೆ ಫಿಸಿಕ್ಸ್ ಕಲಿಸಿಲ್ಲ, ಗುರುತು ಹಾಕುವುದು ಕಲಿಸಿದ್ದೇನೆ ಅನ್ನುತ್ತೇನೆ. ಛೇರ್ಮನ್ನರು ಬೋರ್ಡು ಕಿತ್ತರೆ ಕೀಳಲಿ, ಸೋತರೆ ಸೋಲುತ್ತೇನೆ. ಟೆಸ್ಟ್ ಹಾಲ್ ಆದರೂ ಆಗಬಹುದು, ಅವರದು ಬಹುಮತ. ಆದರೆ ಬಾಯಿಯಲ್ಲಿ ಪುರಿ ಇಟ್ಟುಕೊಂಡು ತಲೆ ಅಲ್ಲಾಡಿಸುವುದಿಲ್ಲ. ಇಷ್ಟು ಮಾತು ನಿನಗೆ ಕೊಡುತ್ತೇನೆ, ನೀನು ಕೇಳದಿದ್ದರೂ.

ಅಕ್ಕ ಇನ್ನೂ ನನ್ನ ಮೇಲೆ ಮುನಿದುಕೊಂಡಿದ್ದಾಳೆ. ‘ನೀನೇ ಅಲ್ಲಿದ್ಕಂಡು ಎಲ್ರಿಗೂ ಬಂದದ್ದು ನಿನ್ ಸೊಸೆಗೆ ಬರ್ಲಿಲ್ವಾ?’ ಅಂತ ಕೇಳಿದಳು. ಅವಳಿಗೆ ಏನು ಹೇಳಲಿ? ಹೇಳಬೇಕಾದವನು ನೀನು. ಅದಕ್ಕೇ ನಿನಗೆ ಬರೆದೆ. ಪ್ರಾಕ್ಟಿಕಲ್‌ನಲ್ಲಿ ಎರಡು ಅಂಕ ಕಡಿಮೆ ಬಂದಿದೆ ಭಾವ. ಇಡೀ ಬ್ಯಾಚಿನಲ್ಲಿ ಪೂರ್ತಿ ಅಂಕ ಬರದವಳು ನಿನ್ನ ಮಗಳೊಬ್ಬಳೇ.

ನಿನ್ನ ಭಾಮೈದ,
ಕೆಂಪರಾಜು